ದೂರದ ಊರಿನಲ್ಲಿ ಎರಗುವ ದುಃಖ

ಒಂದು ಕಾಲದಲ್ಲಿ ಹಳ್ಳಿಯ ಮನೆಗೆ ತಂತಿ ಬಂತೆಂದರೆ, ಅದನ್ನು ಒಡೆದು ಓದುವ ಮೊದಲೇ ಮನೆಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತಂತಿಯಲ್ಲಿ ಶುಭಸುದ್ದಿ ಬರುತ್ತಿರಲಿಲ್ಲವೆಂದಲ್ಲ. ಆದರೆ ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು ಕಳಿಸಬೇಕಾದ ಸುದ್ದಿಯನ್ನು ಬಡವರು ಸಾಮಾನ್ಯವಾಗಿ ಸಾವಿಗೇ ಮೀಸಲಿಡುತ್ತಿದ್ದರು. ಅದರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ‘ತಂದೆಗೆ ಸೀರಿಯಸ್, ಕೂಡಲೇ ಹೊರಡು.’ ತೀರಿಕೊಂಡವರನ್ನೂ ‘ಸೀರಿಯಸ್’ ಎಂದೇ ಬರೆಯುವುದು ವಾಡಿಕೆಯಾಗಿತ್ತು. ಓದುವವನಿಗೆ ನಿಜ ಏನೆಂದು ಒಳಗೊಳಗೇ ಗೊತ್ತಾಗುತ್ತಿತ್ತು. ಆದರೂ ರೈಲಿನಲ್ಲಿ ಕುಳಿತಷ್ಟು ಹೊತ್ತು ಒಂದು ಎಳೆ ಆಸೆ ಉಳಿದಿರುತ್ತಿತ್ತು. ಊರು ಸೇರುವ ವೇಳೆಗೆ ಮನಸ್ಸು ಆ ಸುದ್ದಿಗೆ ಅರ್ಧ ಸಿದ್ಧವಾಗಿರುತ್ತಿತ್ತು.

ಇನ್ನೂ ಒಂದು ಅನುಕೂಲವಿತ್ತು. ತಂತಿಯನ್ನು ಓದಿ ಹೇಳಲು ಅಂಚೆಯವರೋ, ಶಾಲೆಯ ಮೇಷ್ಟ್ರೋ, ಅಂಗಡಿಯ ಶೆಟ್ಟರೋ ಬೇಕಾಗುತ್ತಿದ್ದರು. ಹೀಗಾಗಿ ಸುದ್ದಿ ಕಿವಿಗೆ ಬೀಳುವ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದೇ ಇರುತ್ತಿದ್ದ.

2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಈಗ ಸುದ್ದಿ ಬರುವುದು ಅಂಗಿಯ ಜೇಬಿಗೆ. ಹುಡುಗ ಬಸ್ಸಿನಲ್ಲಿರಲಿ, ಮೂರನೆಯ ಅಂತಸ್ತಿನ ಸಾರುವೆಯ ಮೇಲಿರಲಿ, ಫೋನು ಬಡಿದುಕೊಳ್ಳುತ್ತದೆ. ಕೆಲವೊಮ್ಮೆ ಮಾತಿಗಿಂತ ಮೊದಲು ಚಿತ್ರವೇ ಬಂದುಬಿಡುತ್ತದೆ. ಅವನ ಪಕ್ಕದಲ್ಲಿ ಯಾರಿದ್ದಾರೆ, ಇದ್ದರೂ ಅವರಿಗೆ ಅವನ ಭಾಷೆ ಬರುತ್ತದೆಯೆ ಎಂಬುದು ಫೋನು ಮಾಡಿದವರಿಗೆ ಗೊತ್ತಿರುವುದಿಲ್ಲ.

ಆವತಿಗೆ ಬಂದವರು

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆವತಿ ಸಿಗುತ್ತದೆ. ಇಂದು ಅದನ್ನು ದೊಡ್ಡ ಊರೆಂದು ಯಾರೂ ಹೇಳುವುದಿಲ್ಲ. ಆದರೆ ಬೆಂಗಳೂರಿನ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಈ ಹೆಸರನ್ನು ದಾಟಿಕೊಂಡು ಮುಂದೆ ಹೋಗುವಂತಿಲ್ಲ. ಲೂಯಿ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿರುವ ಐತಿಹ್ಯದಂತೆ, ಸುಮಾರು 600 ವರ್ಷಗಳ ಹಿಂದೆ ಕಂಚಿಯ ಕಡೆಯಿಂದ ರಣಭೈರೇಗೌಡನೂ ಅವನ ಬಳಗದವರೂ ಗಾಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟುಬಂದು, ನಂದಿಬೆಟ್ಟದ ಸೀಮೆಯ ಈ ಬೆಟ್ಟದ ಬುಡದಲ್ಲಿ ಬೀಡುಬಿಟ್ಟರು. ಮಗಳು ದೊಡ್ಡಮ್ಮನನ್ನು ಬಲವಂತದ ಮದುವೆಯಿಂದ ಪಾರುಮಾಡಲು ಅವರು ಊರು ಬಿಟ್ಟರೆಂದೂ, ತುಂಬಿ ಹರಿಯುತ್ತಿದ್ದ ಪಾಲಾರ್ ನದಿ ಅವಳ ಮೊರೆ ಕೇಳಿ ದಾರಿ ಬಿಟ್ಟಿತೆಂದೂ ಕಥೆ. ಈ ಬಳಗದ ಕವಲುಗಳೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ನಾಡಪ್ರಭುಗಳಾಗಿ ಬೆಳೆದವು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡ ಯಲಹಂಕದ ಕವಲಿನವನು.

ಅಂದರೆ ಆವತಿ ವಲಸೆ ಬಂದವರಿಂದಲೇ ಹೆಸರಾದ ಊರು. ಆ ವಂಶದ ಕೆಂಪೇಗೌಡನ ಹೆಸರನ್ನೇ 2008ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಇಡಲಾಯಿತು. ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯ ರೂಪವೇ ಬದಲಾಯಿತು. ದ್ರಾಕ್ಷಿ ಚಪ್ಪರ, ಚಕ್ಕೋತ ತೋಟಗಳ ನಡುವೆ ಬಡಾವಣೆಗಳು, ಗೋದಾಮುಗಳು, ಅಪಾರ್ಟ್‌ಮೆಂಟುಗಳು ಎದ್ದವು. ಅವುಗಳನ್ನು ಕಟ್ಟಲು ಒಂದು ಕಡೆ ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ, ಇನ್ನೊಂದು ಕಡೆ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳಗಳಿಂದಲೂ ಜನ ಬಂದರು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟೂರೋ ಹಿಂದಿನ ನೆಲೆಯೋ ಬಿಟ್ಟು ಬೇರೆಡೆ ನೆಲೆಸಿದವರ ಸಂಖ್ಯೆ ಸುಮಾರು 45 ಕೋಟಿ. ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಹೋದ ಶತಮಾನದಲ್ಲಿ ಉಡುಪಿ ಕಡೆಯ ಹುಡುಗರು ಮುಂಬೈಯ ಹೋಟೆಲುಗಳಿಗೆ ಹೋದಂತೆ, ಇಂದಿಗೂ ಕಲ್ಯಾಣ ಕರ್ನಾಟಕದವರು ಗೋವ, ಹೈದರಾಬಾದುಗಳಿಗೆ ಹೋಗುತ್ತಾರೆ. ವಲಸೆಗಾರ ಎಂದರೆ ಬೇರೆ ಯಾರೋ ಎಂದು ತಿಳಿಯಬೇಕಾಗಿಲ್ಲ.

ಆವತಿಯ ಸುತ್ತಿನ ಯಾವುದಾದರೂ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಊರು ಬಿಹಾರದ ಒಂದು ಹಳ್ಳಿ. ಇಲ್ಲಿ ತಗಡಿನ ಶೆಡ್ಡಿನಲ್ಲಿ ಹತ್ತು ಜನರ ಜೊತೆ ವಾಸ. ಶನಿವಾರ ಬಟವಾಡೆ, ಭಾನುವಾರ ಸಂತೆ. ಅವನಿಗೊಂದು ಹೆಸರು ಕೊಡಬೇಕಾಗಿಲ್ಲ, ಇಂಥವರು ಅನೇಕರು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವನಿಗೆ ಫೋನು ಬರುತ್ತದೆ: ಅಪ್ಪ ಹೊಲದಲ್ಲಿ ಕುಸಿದುಬಿದ್ದು ತೀರಿಕೊಂಡರು.

ಮೂರು ವೇಗಗಳು

ಇಲ್ಲಿ ಮೂರು ಬಗೆಯ ವೇಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲನೆಯದು ಸುದ್ದಿಯ ವೇಗ. ರೇಡಿಯೋ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತವೆ. ಗಾಜಿನ ಎಳೆಗಳ ಕೇಬಲಿನಲ್ಲಿ ಬೆಳಕು ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬಿಹಾರದಿಂದ ಆವತಿಗೆ ಮಾತು ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಎರಡನೆಯದು ಪ್ರಯಾಣದ ವೇಗ. ಬೆಂಗಳೂರಿನಿಂದ ಭುವನೇಶ್ವರಕ್ಕೆ ರೈಲಿನಲ್ಲಿ ಸುಮಾರು 1500 ಕಿಲೋಮೀಟರ್. ಒಂದು ಹಗಲು, ಒಂದು ರಾತ್ರಿ ಬೇಕು. ಪಟ್ನಾ ಬಳಿಯ ದಾನಾಪುರಕ್ಕೆ ಸುಮಾರು 2700 ಕಿಲೋಮೀಟರ್. ಹೆಚ್ಚುಕಡಿಮೆ ಎರಡು ದಿನ. ಅಲ್ಲಿಂದ ಹಳ್ಳಿಗೆ ಬಸ್ಸು, ಆಟೋ. ಮುಂಗಡವಾಗಿ ಕಾಯ್ದಿರಿಸದೆ ಹೊರಟರೆ ಜನರಲ್ ಬೋಗಿಯಲ್ಲಿ ನಿಂತೇ ಹೋಗಬೇಕು. ತಲೆಯ ಮೇಲೆ ದಿನವಿಡೀ ಹಾರುವ ವಿಮಾನದಲ್ಲಿ ಹೋದರೆ ಕೆಲವೇ ಗಂಟೆಗಳ ದಾರಿ ನಿಜ. ಆದರೆ ಕೊನೆಯ ಗಳಿಗೆಯ ವಿಮಾನದ ಟಿಕೆಟಿಗೆ ಅವನ ಎಷ್ಟು ವಾರಗಳ ಬಟವಾಡೆ ಬೇಕೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು.

ಶವಸಂಸ್ಕಾರ ಅಷ್ಟು ಹೊತ್ತು ಕಾಯುವುದಿಲ್ಲ. ಇದಕ್ಕೆ ಸಂಪ್ರದಾಯದಷ್ಟೇ ಜೀವಶಾಸ್ತ್ರವೂ ಕಾರಣ. ಉಸಿರು ನಿಂತ ಮೇಲೆ ದೇಹದ ಜೀವಕೋಶಗಳು ತಮ್ಮ ಕಿಣ್ವಗಳಿಂದ ತಾವೇ ಒಡೆಯತೊಡಗುತ್ತವೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಈಗ ತಡೆ ಇಲ್ಲ. ನಮ್ಮಂಥ ಸೆಕೆಯ ನಾಡಿನಲ್ಲಿ ಈ ಕ್ರಿಯೆ ವೇಗವಾಗಿ ನಡೆಯುತ್ತದೆ. ಪೇಟೆಯಲ್ಲಾದರೆ ಬಾಡಿಗೆಗೆ ಫ್ರೀಜರ್ ಬಾಕ್ಸ್ ಸಿಗುತ್ತದೆ. ಹಳ್ಳಿಯಲ್ಲಿ ಸಂಜೆಯೊಳಗೆ ಅಥವಾ ಮರುದಿನದೊಳಗೆ ಎಲ್ಲ ಮುಗಿಯಬೇಕು. ಯಾದಗಿರಿಯ ಹುಡುಗ ರಾತ್ರಿ ಬಸ್ಸು ಹಿಡಿದರೆ ಅಪ್ಪನ ಮುಖ ನೋಡಬಹುದು. ಬಿಹಾರದ ಹುಡುಗನಿಗೆ ಆ ಭಾಗ್ಯವಿಲ್ಲ.

2020ರ ಮೇ ತಿಂಗಳಲ್ಲಿ ಇಡೀ ದೇಶ ಇಂಥ ಒಂದು ದುಃಖವನ್ನು ಚಿತ್ರದಲ್ಲಿ ಕಂಡಿತು. ಲಾಕ್‌ಡೌನಿನಲ್ಲಿ ಬಸ್ಸು ರೈಲುಗಳಿಲ್ಲದೆ, ದೆಹಲಿಯ ನಿಜಾಮುದ್ದೀನ್ ಸೇತುವೆಯ ಬಳಿ ಸಿಕ್ಕಿಹಾಕಿಕೊಂಡಿದ್ದ ಕಟ್ಟಡ ಕಾರ್ಮಿಕನೊಬ್ಬ ಫೋನನ್ನು ಕಿವಿಗೆ ಹಿಡಿದು ಬಿಕ್ಕಿಬಿಕ್ಕಿ ಅಳುತ್ತಿದ್ದ. ಪಿಟಿಐ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಅತುಲ್ ಯಾದವ್ ಆ ಚಿತ್ರ ತೆಗೆದರು. ಅವನ ಊರು ಸುಮಾರು 1200 ಕಿಲೋಮೀಟರ್ ದೂರದ ಬಿಹಾರದ ಬೇಗುಸರಾಯ್ ಕಡೆ. ವರ್ಷ ತುಂಬದ ಮಗನಿಗೆ ಕಾಯಿಲೆ. ಕೊನೆಗೆ ಯಾರದೋ ನೆರವಿನಿಂದ ಅವನು ರೈಲು ಹತ್ತಿದ. ಆದರೆ ಮಗುವನ್ನು ಜೀವಂತವಾಗಿ ನೋಡಲಾಗಲಿಲ್ಲ. ಅದೇ ತಿಂಗಳು ಕರ್ನಾಟಕದಲ್ಲೂ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಪಡಿಸಿ, ಟೀಕೆಗಳು ಬಂದ ಮೇಲೆ ಮತ್ತೆ ಓಡಿಸಲಾಯಿತು.

ಮೂರನೆಯದು ಮನಸ್ಸಿನ ವೇಗ. ಅದು ಎಲ್ಲಕ್ಕಿಂತ ನಿಧಾನ. ಸುದ್ದಿ ಕ್ಷಣದಲ್ಲಿ ಬಂದರೂ ಅದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ವಾರಗಳು, ತಿಂಗಳುಗಳು ಬೇಕು. ತಂತಿಯ ಕಾಲಕ್ಕೂ ಮೊಬೈಲಿನ ಕಾಲಕ್ಕೂ ಈ ವೇಗದಲ್ಲಿ ಏನೂ ವ್ಯತ್ಯಾಸವಾಗಿಲ್ಲ. ತೊಂದರೆ ಇರುವುದೇ ಇಲ್ಲಿ.

ದೇಹದೊಳಗೆ ಏನಾಗುತ್ತದೆ?

ಸುದ್ದಿ ಕೇಳಿದ ಕೂಡಲೇ ಆ ಹುಡುಗ ಅಳದೇ ಇರಬಹುದು. ಸುಮ್ಮನೆ ಕುಳಿತುಬಿಡಬಹುದು, ಅಥವಾ ಏನೂ ಆಗದವನಂತೆ ಮತ್ತೆ ಸುತ್ತಿಗೆ ಹಿಡಿಯಬಹುದು. ನೋಡಿದವರು ‘ಎಂಥ ಕಲ್ಲುಮನಸ್ಸು’ ಎಂದುಕೊಳ್ಳುವುದುಂಟು. ಅದು ತಪ್ಪು. ಏಟು ಬಿದ್ದ ಜಾಗ ಮೊದಲು ಮರಗಟ್ಟುವಂತೆ ಮನಸ್ಸೂ ಮರಗಟ್ಟುತ್ತದೆ. ನೋವು ಆಮೇಲೆ ಬರುತ್ತದೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅಪಾಯ ಎದುರಾದಾಗ ಇವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಹುಲಿ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ಹೀಗೆ ಸಜ್ಜಾಗುತ್ತದೆಂದು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಆರಂಭದಲ್ಲಿ ವಿವರಿಸಿದರು. ಸಾವಿನ ಸುದ್ದಿಯಲ್ಲಿ ಓಡಿಹೋಗಬೇಕಾದ ಹುಲಿ ಇಲ್ಲ, ಹೊಡೆಯಬೇಕಾದ ಶತ್ರುವೂ ಇಲ್ಲ. ಆದರೂ ದೇಹ ಸಜ್ಜಾಗಿಯೇ ನಿಲ್ಲುತ್ತದೆ. ಅದೇ ಗ್ರಂಥಿಗಳು ಬಿಡುವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರಿದಂತೆ ನಿದ್ದೆ, ಹಸಿವು ಎರಡೂ ಕೆಡುತ್ತವೆ.

1942ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೃತ್ಯಶಾಲೆಗೆ ಬೆಂಕಿ ಬಿದ್ದು 492 ಜನ ಸತ್ತರು. ಅವರನ್ನು ಕಳೆದುಕೊಂಡವರನ್ನು ಎರಿಕ್ ಲಿಂಡೆಮನ್ ಎಂಬ ವೈದ್ಯರು ಹತ್ತಿರದಿಂದ ನೋಡಿ 1944ರಲ್ಲಿ ಒಂದು ಪ್ರಬಂಧ ಬರೆದರು. ದುಃಖ ಒಂದೇ ಸಮನೆ ಇರುವುದಿಲ್ಲ, ಅಲೆಅಲೆಯಾಗಿ ಬರುತ್ತದೆ. ಒಂದೊಂದು ಅಲೆ 20 ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ ಎಂದು ಅವರು ಗುರುತಿಸಿದರು. ಗಂಟಲು ಕಟ್ಟುವುದು, ನಿಟ್ಟುಸಿರು, ಹೊಟ್ಟೆ ಖಾಲಿಯಾದಂತಾಗುವುದು, ಕೈಕಾಲು ಸೋಲುವುದು ಅದರ ಲಕ್ಷಣಗಳು. ನಮ್ಮ ಹಿರಿಯರು ‘ಹೊಟ್ಟೆಯಲ್ಲಿ ಸಂಕಟ’, ‘ಕರುಳು ಕಿತ್ತುಬಂತು’ ಎಂದಾಗ ಬರಿಯ ಅಲಂಕಾರದ ಮಾತನ್ನು ಆಡುತ್ತಿರಲಿಲ್ಲ.

ಎದೆ ಒಡೆಯುವುದೂ ಉಂಟು. 1990ರಲ್ಲಿ ಜಪಾನಿನ ವೈದ್ಯರು ತೀವ್ರ ಆಘಾತಕ್ಕೊಳಗಾದವರಲ್ಲಿ ಕಾಣುವ ಒಂದು ಹೃದಯದ ತೊಂದರೆಯನ್ನು ವಿವರಿಸಿದರು. ಹೃದಯದ ಎಡ ಕೆಳಕೋಣೆ ಉಬ್ಬಿ, ಅಲ್ಲಿಯ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ‘ತಕೊತ್ಸುಬೊ’ ಎಂಬ ಮಡಕೆಯಂತೆ ಕಾಣುವುದರಿಂದ ಅದೇ ಹೆಸರನ್ನು ಇಟ್ಟರು. ಇದು ಅಪರೂಪ, ಹೆಚ್ಚಾಗಿ 50 ದಾಟಿದ ಹೆಂಗಸರಲ್ಲಿ ಕಾಣುತ್ತದೆ, ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ದುಃಖದಲ್ಲಿರುವವರು ಎದೆನೋವು ಎಂದರೆ ‘ಎಲ್ಲ ಮನಸ್ಸಿನದು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕೆಂಬ ಪಾಠ ಇದರಲ್ಲಿದೆ.

ಒಂದು ಲೆಕ್ಕ, ಒಂದು ಎಚ್ಚರಿಕೆ

1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬಾಳಿನ ಏರುಪೇರುಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿಯ ಸಾವಿಗೆ 100 ಅಂಕ. ಮನೆಯ ಹತ್ತಿರದವರೊಬ್ಬರ ಸಾವಿಗೆ 63. ಬೇರೆ ಬಗೆಯ ಕೆಲಸಕ್ಕೆ ಸೇರುವುದು 36, ಬದುಕುವ ರೀತಿ ಬದಲಾಗುವುದು 25, ಮನೆ ಬದಲಾಯಿಸುವುದು 20, ನಿದ್ದೆಯ ಕ್ರಮ ತಪ್ಪುವುದು 16, ಊಟದ ಕ್ರಮ ತಪ್ಪುವುದು 15. ವರ್ಷದೊಳಗೆ ಒಟ್ಟು 150 ದಾಟಿದರೆ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು ಎಂದು ಅವರ ಅಂದಾಜು.

ಊರಿನಲ್ಲೇ ಇರುವ ಹುಡುಗನಿಗೆ ಅಪ್ಪ ಸತ್ತರೆ 63. ಆವತಿಯ ಶೆಡ್ಡಿನಲ್ಲಿರುವವನಿಗೆ ಮೇಲಿನ ಉಳಿದವನ್ನೂ ಕೂಡಿಸಿದರೆ 175. ಇದು ತಕ್ಕಡಿಯಲ್ಲಿ ತೂಗಿದಷ್ಟು ನಿಖರವಾದ ಲೆಕ್ಕವಲ್ಲ. ಎಲ್ಲರಿಗೂ ಒಂದೇ ಅಳತೆ ಹೊಂದುವುದೂ ಇಲ್ಲ. ಆದರೆ ಸಾವು ಒಂದೇ ಆದರೂ ಹೊರೆ ಒಂದೇ ಅಲ್ಲವೆಂಬುದು ಇದರಿಂದ ಮನದಟ್ಟಾಗುತ್ತದೆ.

ಎಚ್ಚರಿಕೆ ಇರುವುದು ನಿದ್ದೆಯ ವಿಷಯದಲ್ಲಿ. 1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. 17 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕೆಟ್ಟಿತ್ತು. ನಮ್ಮ ದೇಶದಲ್ಲಿ ವಾಹನ ನಡೆಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ರಾತ್ರಿಯಿಡೀ ಕಣ್ಣು ಮುಚ್ಚದ ಹುಡುಗನನ್ನು ಬೆಳಿಗ್ಗೆ ಸಾರುವೆ ಹತ್ತಿಸುವುದೆಂದರೆ, ಕುಡಿದವನನ್ನು ಹತ್ತಿಸಿದ ಹಾಗೆಯೇ. ಕೆಲಸದಲ್ಲಿದ್ದರೆ ದುಃಖ ಮರೆಯುತ್ತದೆ ಎಂದು ಮೇಸ್ತ್ರಿ ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಕೆಲಸ ಕೊಡಲಿ, ಆದರೆ ನೆಲದ ಮೇಲಿನ ಕೆಲಸ ಕೊಡಲಿ. ಎತ್ತರ, ಕರೆಂಟು, ಕಬ್ಬಿಣ ಕತ್ತರಿಸುವ ಯಂತ್ರ ಇವುಗಳಿಂದ ಕೆಲವು ದಿನ ಅವನನ್ನು ದೂರ ಇಡಬೇಕು. ಒಂದು ಸಾವಿನ ಹಿಂದೆ ಇನ್ನೊಂದು ಸಾವು ಬರದಂತೆ ನೋಡಿಕೊಳ್ಳುವ ಮೊದಲ ಉಪಾಯ ಇದು.

ಕೇಂಬ್ರಿಜ್ಜಿನಲ್ಲಿ ಇಪ್ಪತ್ತರ ತರುಣ

ದೂರದಲ್ಲಿದ್ದಾಗ ಹೆತ್ತವರನ್ನು ಕಳೆದುಕೊಂಡವರು ದೊಡ್ಡವರಲ್ಲೂ ಇದ್ದಾರೆ. 1930ರ ಜುಲೈ ಕೊನೆಯಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮುಂಬೈಯಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. ತಾಯಿ ಸೀತಾಲಕ್ಷ್ಮಿಗೆ ಆಗಲೇ ಕಾಯಿಲೆ. ಆದರೂ ಮಗ ಓದಲು ಹೋಗಲೇಬೇಕೆಂದು ಹಟ ಹಿಡಿದವರು ಆ ತಾಯಿಯೇ. 1931ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಹಡಗಿನ ಪ್ರಯಾಣಕ್ಕೆ ಮೂರು ವಾರ ಹಿಡಿಯುತ್ತಿದ್ದ ಕಾಲ. ಚಂದ್ರಶೇಖರ್ ಊರಿಗೆ ಬರುವಂತಿರಲಿಲ್ಲ. ಅವರು ಭಾರತಕ್ಕೆ ಮರಳಿದ್ದು 1936ರಲ್ಲಿ. ಬಿಳಿ ಕುಬ್ಜ ನಕ್ಷತ್ರಗಳ ತೂಕಕ್ಕೆ ಒಂದು ಮಿತಿಯಿದೆಯೆಂಬ ಅವರ ಶೋಧ ಆ ವರ್ಷಗಳದ್ದೇ. ಅದಕ್ಕೆ ಮುಂದೆ 1983ರಲ್ಲಿ ನೊಬೆಲ್ ಬಹುಮಾನದ ಗೌರವ ಸಿಕ್ಕಿತು.

ಈ ಕಥೆಯಿಂದ ‘ದುಃಖ ಬಂದಾಗ ಕೆಲಸ ಮಾಡಿದರೆ ದೊಡ್ಡವರಾಗುತ್ತೀರಿ’ ಎಂಬ ನೀತಿಯನ್ನು ಹೊರಡಿಸಬಾರದು. ಚಂದ್ರಶೇಖರ್ ಅವರಿಗೆ ಒಂದು ಸ್ವಂತ ಕೋಣೆಯಿತ್ತು, ವಿದ್ಯಾರ್ಥಿವೇತನವಿತ್ತು, ಪುಸ್ತಕಗಳಿದ್ದವು, ತಂದೆಯೊಡನೆ ಪತ್ರವ್ಯವಹಾರವಿತ್ತು. ಅಳಬೇಕೆನಿಸಿದಾಗ ಬಾಗಿಲು ಹಾಕಿಕೊಳ್ಳಬಹುದಿತ್ತು. ಹತ್ತು ಜನ ಮಲಗುವ ಶೆಡ್ಡಿನಲ್ಲಿ ಅಳಲು ಮೂಲೆಯೂ ಇರುವುದಿಲ್ಲ.

ಗಾಂಧೀಜಿಯವರದು ಇನ್ನೊಂದು ಬಗೆ. ಅವರು ಲಂಡನ್ನಿನಲ್ಲಿ ಓದುತ್ತಿದ್ದಾಗ ತಾಯಿ ಪುತಲೀಬಾಯಿ ತೀರಿಕೊಂಡರು. ಪರದೇಶದಲ್ಲಿ ಹುಡುಗ ಎದೆಗುಂದುತ್ತಾನೆಂದು ಅಣ್ಣ ಸುದ್ದಿಯನ್ನು ಮುಚ್ಚಿಟ್ಟರು. 1891ರಲ್ಲಿ ಮುಂಬೈಗೆ ಬಂದಿಳಿದ ಮೇಲೆಯೇ ಅವರಿಗೆ ವಿಷಯ ತಿಳಿದದ್ದು. ತಂದೆಯ ಸಾವಿಗಿಂತಲೂ ಇದು ಹೆಚ್ಚು ನೋವುಂಟುಮಾಡಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಣ್ಣನ ಪ್ರೀತಿಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಇಂದು ಸುದ್ದಿ ಮುಚ್ಚಿಡಲು ಸಾಧ್ಯವೇ ಇಲ್ಲ. ಮನೆಯವರು ಹೇಳದಿದ್ದರೆ ಊರಿನ ಗೆಳೆಯನೊಬ್ಬ ಫೋನಿನಲ್ಲಿ ಸಂತಾಪದ ಚಿತ್ರ ಹಾಕಿ ತಿಳಿಸಿಬಿಡುತ್ತಾನೆ. ಹಾಗೆ ತಿಳಿಯುವುದಕ್ಕಿಂತ ನೇರವಾಗಿ ತಿಳಿಯುವುದು ಲೇಸು.

ಹಾಲು ತುಪ್ಪದ ಅರ್ಥ

ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರೋ ನೆರೆಯವರೋ ಮುದ್ದೆ, ಸಾರು, ಅನ್ನ ತಂದು ಬಲವಂತವಾಗಿ ಉಣ್ಣಿಸುತ್ತಾರೆ. ಮೂರನೆಯ ದಿನ ಹಾಲು ತುಪ್ಪ ಬಿಡುತ್ತಾರೆ. ಹನ್ನೊಂದನೆಯ ದಿನಕ್ಕೋ ಅವರವರ ಪದ್ಧತಿಯ ಇನ್ನೊಂದು ದಿನಕ್ಕೋ ತಿಥಿ. ರಾತ್ರಿ ಒಬ್ಬರನ್ನೇ ಮಲಗಲು ಬಿಡುವುದಿಲ್ಲ. ಬಂದವರೆಲ್ಲ ‘ಹೇಗಾಯ್ತಪ್ಪಾ?’ ಎಂದು ಕೇಳುತ್ತಾರೆ. ದುಃಖದಲ್ಲಿರುವವನು ಅದೇ ಕಥೆಯನ್ನು ಐವತ್ತು ಸಲ ಹೇಳುತ್ತಾನೆ.

ಧಾರ್ಮಿಕ ನಂಬಿಕೆಯ ಮಾತು ಹಾಗಿರಲಿ. ದೇಹದ ದೃಷ್ಟಿಯಿಂದ ನೋಡಿದರೂ ಇದರಲ್ಲಿ ಅರ್ಥವಿದೆ. ಹಸಿವು ಕೆಟ್ಟವನಿಗೆ ಊಟ, ನಿದ್ದೆ ಕೆಟ್ಟವನಿಗೆ ಜೊತೆ, ನಂಬಲಾಗದವನಿಗೆ ಕಣ್ಣೆದುರಿನ ಸಾಕ್ಷಿ, ದಿಕ್ಕುತೋಚದವನಿಗೆ ದಿನದಿನದ ಒಂದು ಕೆಲಸ. ಐವತ್ತು ಸಲ ಹೇಳುವಷ್ಟರಲ್ಲಿ ನಡೆದದ್ದು ನಡೆದೇಹೋಯಿತೆಂಬುದು ಮನಸ್ಸಿಗೆ ಮೆಲ್ಲಗೆ ಇಳಿಯುತ್ತದೆ. ದೂರದಲ್ಲಿರುವ ಹುಡುಗನಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನ ಪಾಲಿಗೆ ಅಪ್ಪ ಇನ್ನೂ ಹೊಲದಲ್ಲೇ ಇದ್ದಾನೆ. ಆರು ತಿಂಗಳ ನಂತರ ಊರಿಗೆ ಹೋಗಿ ಖಾಲಿ ಮಂಚ ನೋಡಿದಾಗ ಸಾವು ಮೊದಲ ಬಾರಿಗೆ ಸಂಭವಿಸುತ್ತದೆ. ಅಷ್ಟು ಹೊತ್ತಿಗೆ ಮನೆಯ ಉಳಿದವರೆಲ್ಲ ಅತ್ತು ಮುಗಿಸಿರುತ್ತಾರೆ.

ಆದ್ದರಿಂದ ಸಾಧ್ಯವಾದರೆ ಅವನನ್ನು ಊರಿಗೆ ಕಳಿಸಬೇಕು. ಸಂಸ್ಕಾರಕ್ಕೆ ತಲುಪದಿದ್ದರೂ ತಿಥಿಗೆ ತಲುಪಬಹುದು. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಕಾಯ್ದೆಯೊಂದು ಬಂದಿತ್ತು. ಅದರ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಊರಿಗೆ ಹೋಗಿಬರುವ ಖರ್ಚಿಗೆ ಮಾಲೀಕರು ಪ್ರಯಾಣ ಭತ್ಯೆ ಕೊಡಬೇಕೆಂಬ ಅಂಶ ಅದರಲ್ಲೂ ಇದೆ. ಆದರೆ ಸಾವು ಅರ್ಜಿ ಹಾಕಿಕೊಂಡು ಬರುವುದಿಲ್ಲ. ಆ ಗಳಿಗೆಗೆ ಬೇಕಾದದ್ದು ಮೇಸ್ತ್ರಿಯ ಕೈಯಿಂದ ಬರುವ ನಗದು, ಮತ್ತು ‘ಹೋಗಿ ಬಾ, ನಿನ್ನ ಜಾಗ ಇಲ್ಲೇ ಇರುತ್ತೆ’ ಎಂಬ ಒಂದು ಮಾತು. ಮುಂಗಡ ತೀರದೆ ಹೋಗುವಂತಿಲ್ಲವೆಂದು ತಡೆದರೆ ಆ ಗಾಯ ಬಹುಕಾಲ ಮಾಯುವುದಿಲ್ಲ.

ಹೋಗಲಾಗದಿದ್ದರೆ? ಅವನು ಬಯಸಿದರೆ ಫೋನಿನಲ್ಲೇ ಕೊನೆಯ ದರ್ಶನ ಮಾಡಿಸಬಹುದು; ಬೇಡವೆಂದರೆ ಒತ್ತಾಯಿಸಬಾರದು. ಶೆಡ್ಡಿನ ಮೂಲೆಯಲ್ಲಿ ಅಪ್ಪನ ಫೋಟೋ ಇಟ್ಟು ದೀಪ ಹಚ್ಚಬಹುದು. ಅವನ ಧರ್ಮದ ದೇವಾಲಯವೋ ಮಸೀದಿಯೋ ಇಗರ್ಜಿಯೋ ಹತ್ತಿರವಿದ್ದರೆ ಒಬ್ಬರು ಜೊತೆಗೆ ಹೋಗಿಬರಬಹುದು. ಕುಡಿಸಿ ಮಲಗಿಸುವುದು ಮಾತ್ರ ಸಲ್ಲದು. ಮದ್ಯ ಬರಿಸುವ ನಿದ್ದೆ ನಡುರಾತ್ರಿಗೆ ಒಡೆಯುತ್ತದೆ. ದುಃಖ ಆಗ ಇಮ್ಮಡಿಯಾಗುತ್ತದೆ.

ಎಷ್ಟು ದಿನ ಹಿಡಿಯುತ್ತದೆ?

ದುಃಖಕ್ಕೆ ಐದು ಮೆಟ್ಟಿಲುಗಳಿವೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ ಅದನ್ನು ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳನ್ನು ಕಂಡು. ಕಳೆದುಕೊಂಡವರೆಲ್ಲ ಒಂದರ ಮೇಲೊಂದರಂತೆ ಆ ಮೆಟ್ಟಿಲು ಹತ್ತಲೇಬೇಕೆಂಬ ನಿಯಮವಿಲ್ಲ. 1999ರಲ್ಲಿ ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು ಬೇರೊಂದು ವಿವರಣೆ ಕೊಟ್ಟರು: ಮನಸ್ಸು ಲೋಲಕದಂತೆ ಎರಡು ಕಡೆ ತೂಗುತ್ತದೆ. ಒಂದು ಕಡೆ ಅಗಲಿದವರ ನೆನಪು, ಇನ್ನೊಂದು ಕಡೆ ನಾಳಿನ ಬದುಕು. ಬೆಳಿಗ್ಗೆ ಅತ್ತವನು ಸಂಜೆ ಕ್ರಿಕೆಟ್ ನೋಡಿ ನಕ್ಕರೆ ಅಪ್ಪನನ್ನು ಮರೆತನೆಂದು ಅರ್ಥವಲ್ಲ. ಆ ತೂಗಾಟವೇ ವಾಸಿಯಾಗುವ ದಾರಿ.

ಹೆಚ್ಚಿನವರಿಗೆ ಔಷಧಿ ಬೇಕಾಗುವುದಿಲ್ಲ. ಅಲೆಗಳು ಅಪರೂಪವಾಗುತ್ತ ಹೋಗುತ್ತವೆ. ಆದರೆ ಆರು ತಿಂಗಳು ದಾಟಿದ ಮೇಲೂ ದಿನದಿನದ ಬದುಕೇ ನಡೆಯದಂತೆ ದುಃಖ ಹಿಡಿದಿಟ್ಟುಕೊಂಡಿದ್ದರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ರೋಗಗಳ ಪಟ್ಟಿ ಗುರುತಿಸುತ್ತದೆ. ಊಟ ಬಿಡುವುದು, ಯಾರೊಡನೆಯೂ ಮಾತಾಡದಿರುವುದು, ಕುಡಿತ ಹೆಚ್ಚುವುದು, ‘ನಾನೂ ಹೋಗಿಬಿಡುತ್ತೇನೆ’ ಎಂಬಂಥ ಮಾತು ಬರುವುದು ಕಂಡರೆ ಆರು ತಿಂಗಳೇನು, ಆರು ಗಂಟೆಯೂ ಕಾಯಬಾರದು, ಒಬ್ಬನನ್ನೇ ಬಿಡಲೂಬಾರದು. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ. ಕನ್ನಡವಲ್ಲದೆ ಹಿಂದಿ, ಒಡಿಯಾ, ಬಂಗಾಳಿ ಮುಂತಾದ ಭಾಷೆಗಳಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಬೆನ್ನಿಗಿದೆ.

ಮಕ್ಕಳಿಗೂ ಪಾಲಕರಿಗೂ

ಇಂದು ಸರ್ಕಾರಿ ಶಾಲೆಯ ತರಗತಿಗಳಲ್ಲಿ ಬೇರೆ ಭಾಷೆಯ ಮಕ್ಕಳು ಕುಳಿತಿರುತ್ತಾರೆ. ಅವರ ಅಜ್ಜಿಯೋ ಮಾವನೋ ಸಾವಿರಾರು ಮೈಲಿ ದೂರದಲ್ಲಿ ಸತ್ತಾಗ ಅವರೂ ಹೋಗಲಾಗದೆ ಉಳಿಯುತ್ತಾರೆ. ಪಕ್ಕದ ಬೆಂಚಿನ ವಿದ್ಯಾರ್ಥಿ ದೊಡ್ಡ ಮಾತುಗಳನ್ನು ಆಡಬೇಕಾಗಿಲ್ಲ. ಜೊತೆಯಲ್ಲಿ ಕುಳಿತು ಬುತ್ತಿ ಹಂಚಿಕೊಂಡರೆ, ತಪ್ಪಿದ ಪಾಠದ ನೋಟ್ಸ್ ಬರೆದುಕೊಟ್ಟರೆ ಸಾಕು. ‘ಅಳಬೇಡ, ಗಂಡು ಮಗ ನೀನು’ ಎಂಬ ಮಾತನ್ನಂತೂ ಆಡಕೂಡದು.

ಪಾಲಕರು ತಮ್ಮ ಮಕ್ಕಳ ವಿಷಯದಲ್ಲೂ ಇದನ್ನು ಯೋಚಿಸಬೇಕು. ಇಂದು ಹಾಸ್ಟೆಲಿನಲ್ಲಿರುವ ಮಗ, ನಾಳೆ ಪುಣೆಯಲ್ಲೋ ದುಬೈಯಲ್ಲೋ ಕೆಲಸಕ್ಕಿರುವ ಮಗಳು, ಎಲ್ಲರೂ ಒಂದಲ್ಲ ಒಂದು ದಿನ ಇಂಥ ಫೋನು ಎತ್ತಬೇಕಾದವರೇ. ಮಗುವಿನ ಜೊತೆ ಇರುವ ಒಬ್ಬ ಗೆಳೆಯನ, ವಾರ್ಡನ್ನಿನ ಅಥವಾ ಮನೆಯ ಮಾಲೀಕರ ಫೋನ್ ಸಂಖ್ಯೆ ಮನೆಯಲ್ಲಿ ಬರೆದಿಟ್ಟಿರಬೇಕು. ಕೆಟ್ಟ ಸುದ್ದಿಯಿದ್ದಾಗ ಮೊದಲು ಅವರಿಗೆ ಹೇಳಿ, ಅವರು ಮಗುವಿನ ಹತ್ತಿರ ಹೋಗಿ ನಿಂತ ಮೇಲೆ ಮಗುವಿಗೆ ಹೇಳಬೇಕು. ವಾಹನ ನಡೆಸುತ್ತಿಲ್ಲವೆಂದು, ಎತ್ತರದಲ್ಲಿಲ್ಲವೆಂದು ಕೇಳಿ ತಿಳಿದುಕೊಳ್ಳಬೇಕು. ‘ಸೀರಿಯಸ್’ ಎನ್ನದೆ, ‘ಅಪ್ಪ ತೀರಿಹೋದರು’ ಎಂದು ನೇರವಾಗಿ, ಮೆತ್ತಗೆ ಹೇಳಬೇಕು. ಹೇಳಿದ ಕೂಡಲೇ ಫೋನು ಇಡಬಾರದು; ಆ ಕಡೆಯಿಂದ ಮಾತು ಬರದಿದ್ದರೂ ಹಿಡಿದುಕೊಂಡೇ ಇರಬೇಕು.

ಹತ್ತಿರದ ಕಟ್ಟಡದಲ್ಲಿ ಕೆಲಸ ಮಾಡುವ ಹುಡುಗ ಎರಡು ದಿನದಿಂದ ಅಂಗಡಿಗೆ ಬಂದಿಲ್ಲವೆಂದು ಕಂಡರೆ, ಮೇಸ್ತ್ರಿಯನ್ನು ವಿಚಾರಿಸುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ‘ಊಟ ಆಯ್ತೇನಪ್ಪಾ?’ ಎಂಬ ಮಾತು ಅರ್ಥವಾಗಲು ಭಾಷೆಯೂ ಬೇಕಾಗುವುದಿಲ್ಲ. ಆದರೆ ಕೇಳುವವರು ಕೈಯಲ್ಲಿ ತಟ್ಟೆ ಹಿಡಿದೇ ಹೋಗಬೇಕು.